ಹೆರಿಗೆ ಸಮಯದಲ್ಲಿ ನವಜಾತ ಶಿಶುವಿನ ನರಗಳಿಗೆ ಆಗುವ ಗಾಯ: ಕೆ.ಜಿ.ಎಫ್. ಮತ್ತು ಬಂಗಾರಪೇಟೆ ಭಾಗದ ಪೋಷಕರಿಗೆ ಮಾಹಿತಿ

ಪೀಠಿಕೆ

ಆರೋಗ್ಯವಂತ ನವಜಾತ ಶಿಶು ಎರಡೂ ಕೈಗಳನ್ನು ಸಮನಾಗಿ ಆಡಿಸುತ್ತದೆ. ಕೆಲವು ಶಿಶುಗಳಲ್ಲಿ ಹುಟ್ಟಿದ ದಿನದಿಂದಲೇ ಒಂದು ಕೈ ಅಲುಗಾಡದೆ ಜೋತು ಬಿದ್ದಿರುತ್ತದೆ. ಹೆರಿಗೆಯ ವೇಳೆ ಕತ್ತಿನ ಭಾಗದ ನರಗಳು ಎಳೆತಕ್ಕೆ ಸಿಲುಕಿ ಗಾಯಗೊಳ್ಳುವುದು ಇದಕ್ಕೆ ಮುಖ್ಯ ಕಾರಣವಾಗಿರುತ್ತದೆ. ಇಂತಹ ಮಕ್ಕಳಲ್ಲಿ ಹೆಚ್ಚಿನವರು ಸಕಾಲಿಕ ಆರೈಕೆಯಿಂದ ಚೇತರಿಸಿಕೊಳ್ಳುತ್ತಾರೆ. ಉಳಿದವರಿಗೆ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಅದಕ್ಕೆ ತಕ್ಕ ಕಾಲವು ಮಗುವಿನ ಮೊದಲ ವರ್ಷದೊಳಗೇ ಮುಗಿದುಹೋಗುತ್ತದೆ.

ಮಗುವಿಗೆ ಗಾಯವಾಗಿರುವುದು ತಿಳಿದಾಗ ಪೋಷಕರಲ್ಲಿ ಎರಡು ಪ್ರಶ್ನೆಗಳು ಮೂಡುತ್ತವೆ. ಕೈ ಸರಿಹೋಗುವುದೇ ಎಂಬುದು ಮೊದಲನೆಯದು. ಇದು ವೈದ್ಯರ ತಪ್ಪಿನಿಂದ ಆಯಿತೇ ಎಂಬುದು ಎರಡನೆಯದು. ಈ ಎರಡಕ್ಕೂ ಉತ್ತರ ದೊರೆಯಬೇಕಾದರೆ ಹೆರಿಗೆ ಕೊಠಡಿಯಲ್ಲಿ ಮತ್ತು ಮೊದಲ ಕೆಲವು ದಿನಗಳಲ್ಲಿ ಬರೆದಿಟ್ಟ ದಾಖಲೆಗಳು ಅವಶ್ಯಕ. ಕೋಲಾರ ಜಿಲ್ಲೆಯ ಕೆ.ಜಿ.ಎಫ್. ಮತ್ತು ಬಂಗಾರಪೇಟೆ ತಾಲ್ಲೂಕುಗಳ ಪೋಷಕರ ಅನುಕೂಲಕ್ಕಾಗಿ ಈ ಕಾಯಿಲೆಯ ಲಕ್ಷಣ, ಚಿಕಿತ್ಸೆ, ಲಭ್ಯವಿರುವ ಸೇವೆಗಳು ಹಾಗೂ ಕಾನೂನಿನ ಪರಿಹಾರಗಳ ವಿವರವನ್ನು ಇಲ್ಲಿ ನೀಡಲಾಗಿದೆ.

ಗಾಯ ಎಲ್ಲಿ ಆಗುತ್ತದೆ

ಕತ್ತಿನ ಭಾಗದಲ್ಲಿ ಬೆನ್ನುಹುರಿಯಿಂದ ಹೊರಡುವ ಐದು ನರಬೇರುಗಳು ಕೊರಳೆಲುಬಿನ ಹಿಂಭಾಗದಲ್ಲಿ ಒಂದಕ್ಕೊಂದು ಹೆಣೆದುಕೊಂಡು ತೋಳಿನೊಳಕ್ಕೆ ಸಾಗುತ್ತವೆ. ಈ ನರಜಾಲಕ್ಕೆ ಬ್ರೇಕಿಯಲ್ ಪ್ಲೆಕ್ಸಸ್ ಎಂದು ಹೆಸರು. ಭುಜ, ಮೊಣಕೈ, ಮಣಿಕಟ್ಟು ಮತ್ತು ಬೆರಳುಗಳ ಚಲನೆ ಹಾಗೂ ಸ್ಪರ್ಶಜ್ಞಾನ ಇದರ ಮೂಲಕವೇ ನಡೆಯುತ್ತವೆ. ಹೆರಿಗೆಯ ವೇಳೆ ತಲೆ ಮತ್ತು ಭುಜದ ನಡುವಿನ ಅಂತರ ಮಿತಿಮೀರಿ ಹಿಗ್ಗಿದಾಗ ಈ ಜಾಲಕ್ಕೆ ಪೆಟ್ಟಾಗುತ್ತದೆ.

ಗಾಯದ ಸ್ಥಾನಕ್ಕೆ ಅನುಗುಣವಾಗಿ ಇದನ್ನು ಮೂರು ಬಗೆಯಾಗಿ ಗುರುತಿಸಲಾಗುತ್ತದೆ.

1. ಎರ್ಬ್ ಪಾಲ್ಸಿ: ಮೇಲಿನ ನರಬೇರುಗಳಿಗೆ ಆಗುವ ಗಾಯ. ಇದೇ ಹೆಚ್ಚು ಸಾಮಾನ್ಯ. ತೋಳು ಮೈಗೆ ಅಂಟಿಕೊಂಡು ಒಳಕ್ಕೆ ತಿರುಗಿರುತ್ತದೆ, ಮೊಣಕೈ ಮಡಿಸಲಾಗುವುದಿಲ್ಲ, ಅಂಗೈ ಹಿಂದಕ್ಕೆ ತಿರುಗಿರುತ್ತದೆ. ಬೆರಳುಗಳು ಮಾತ್ರ ಆಡುತ್ತಿರುತ್ತವೆ.

2. ಕ್ಲಂಪ್ಕಿ ಪಾಲ್ಸಿ: ಕೆಳಗಿನ ನರಬೇರುಗಳಿಗೆ ಆಗುವ ಗಾಯ. ಭುಜ ಮತ್ತು ಮೊಣಕೈ ಆಡುತ್ತವೆಯಾದರೂ ಅಂಗೈ ಮತ್ತು ಬೆರಳುಗಳಿಗೆ ಶಕ್ತಿ ಇರುವುದಿಲ್ಲ. ಇದು ವಿರಳ.

3. ಸಂಪೂರ್ಣ ಗಾಯ: ಎಲ್ಲಾ ನರಬೇರುಗಳಿಗೂ ಪೆಟ್ಟಾಗಿ ಇಡೀ ಕೈ ನಿಶ್ಚಲವಾಗಿರುತ್ತದೆ. ಅದೇ ಬದಿಯ ಕಣ್ಣಿನ ರೆಪ್ಪೆ ಇಳಿಬಿದ್ದು ಕಣ್ಣಿನ ಪಾಪೆ ಕಿರಿದಾಗಿದ್ದರೆ ಗಾಯವು ತೀವ್ರವಾದುದೆಂದು ಭಾವಿಸತಕ್ಕದ್ದು.

ಈ ಕಾಯಿಲೆಯು ವೈದ್ಯಶಾಸ್ತ್ರಕ್ಕೆ ಹೊಸದಲ್ಲ. ಫ್ರಾನ್ಸಿನ ಡುಶೆನ್ 1872ರಲ್ಲಿ, ಜರ್ಮನಿಯ ಎರ್ಬ್ 1874ರಲ್ಲಿ ಮತ್ತು ಆಗಸ್ಟಾ ಕ್ಲಂಪ್ಕಿ ಎಂಬ ವೈದ್ಯೆ 1885ರಲ್ಲಿ ಇದರ ಸ್ವರೂಪವನ್ನು ವಿವರಿಸಿದರು. ವಿವಿಧ ದೇಶಗಳ ಅಂಕಿಅಂಶಗಳ ಪ್ರಕಾರ ಸಾವಿರ ಜನನಗಳಿಗೆ ಸುಮಾರು 1ರಿಂದ 3 ಶಿಶುಗಳಲ್ಲಿ ಇದು ಕಂಡುಬರುತ್ತದೆ.

ಕೈಯ ನರಗಳಲ್ಲದೆ ಮುಖದ ನರಕ್ಕೂ ಹೆರಿಗೆಯಲ್ಲಿ ಒತ್ತಡದಿಂದ ಪೆಟ್ಟಾಗಬಹುದು. ಅಂತಹ ಮಗು ಅಳುವಾಗ ಬಾಯಿ ಒಂದು ಬದಿಗೆ ವಾಲುತ್ತದೆ ಮತ್ತು ಪೆಟ್ಟಾದ ಬದಿಯ ಕಣ್ಣು ಪೂರ್ತಿ ಮುಚ್ಚುವುದಿಲ್ಲ. ಇದು ಬಹುತೇಕ ಕೆಲವೇ ವಾರಗಳಲ್ಲಿ ತಾನಾಗಿ ವಾಸಿಯಾಗುತ್ತದೆ. ಅಲ್ಲಿಯವರೆಗೆ ಕಣ್ಣು ಒಣಗದಂತೆ ವೈದ್ಯರ ಸಲಹೆಯಂತೆ ಹನಿ ಔಷಧ ಹಾಕಬೇಕು. ವಪೆಯ ನರಕ್ಕೆ ಪೆಟ್ಟಾದಲ್ಲಿ ಮಗುವಿಗೆ ಉಸಿರಾಟದ ತೊಂದರೆ ಉಂಟಾಗುತ್ತದೆ. ಕೈ ಆಡಿಸದ ಮಗುವಿನ ಉಸಿರಾಟವು ವೇಗವಾಗಿದ್ದಲ್ಲಿ ತಡಮಾಡದೆ ವೈದ್ಯರಿಗೆ ತಿಳಿಸತಕ್ಕದ್ದು.

ಗಾಯಕ್ಕೆ ಕಾರಣಗಳು

ಸಹಜ ಹೆರಿಗೆಯಲ್ಲಿ ಮಗುವಿನ ತಲೆ ಹೊರಬಂದ ನಂತರ ಭುಜಗಳು ಸುಲಭವಾಗಿ ಹೊರಬರುತ್ತವೆ. ಕೆಲವೊಮ್ಮೆ ಮುಂಭಾಗದ ಭುಜವು ತಾಯಿಯ ಕಿಬ್ಬೊಟ್ಟೆಯ ಕೆಳಗಿನ ಮೂಳೆಗೆ ಸಿಲುಕಿಕೊಳ್ಳುತ್ತದೆ. ವೈದ್ಯರು ಇದನ್ನು ಶೋಲ್ಡರ್ ಡಿಸ್ಟೋಷಿಯಾ ಎನ್ನುತ್ತಾರೆ. ಇದೊಂದು ತುರ್ತು ಪರಿಸ್ಥಿತಿ. ಭುಜ ಬಿಡಿಸುವುದು ತಡವಾದರೆ ಮಗುವಿನ ಮಿದುಳಿಗೆ ಆಮ್ಲಜನಕ ತಲುಪುವುದಿಲ್ಲ. ಬಲವಾಗಿ ಎಳೆದರೆ ನರಗಳಿಗೆ ಪೆಟ್ಟಾಗುತ್ತದೆ.

ಈ ಕೆಳಕಂಡ ಸಂದರ್ಭಗಳಲ್ಲಿ ಅಪಾಯದ ಸಾಧ್ಯತೆ ಹೆಚ್ಚು:

- ತಾಯಿಗೆ ಸಕ್ಕರೆ ಕಾಯಿಲೆ ಇರುವುದು ಅಥವಾ ಗರ್ಭಾವಸ್ಥೆಯಲ್ಲಿ ಸಕ್ಕರೆ ಅಂಶ ಹೆಚ್ಚಿರುವುದು
- ಮಗುವಿನ ತೂಕ 4 ಕೆ.ಜಿ.ಗಿಂತ ಹೆಚ್ಚಿರುವುದು
- ಹಿಂದಿನ ಹೆರಿಗೆಯಲ್ಲಿ ಭುಜ ಸಿಲುಕಿರುವುದು
- ತಾಯಿಯ ದೇಹದ ತೂಕ ಅತಿಯಾಗಿರುವುದು
- ಹೆರಿಗೆಯ ಎರಡನೇ ಹಂತವು ದೀರ್ಘವಾಗುವುದು
- ಫೋರ್ಸೆಪ್ಸ್ ಅಥವಾ ವ್ಯಾಕ್ಯೂಮ್ ಉಪಕರಣ ಬಳಸಿ ಹೆರಿಗೆ ಮಾಡಿಸುವುದು
- ಮಗು ತಲೆಯ ಬದಲು ಪೃಷ್ಠಭಾಗ ಮುಂದಾಗಿ ಜನಿಸುವುದು

ಆದರೆ ಈ ಅಂಶಗಳಿಂದ ಎಲ್ಲಾ ಪ್ರಕರಣಗಳನ್ನೂ ಮುಂಚಿತವಾಗಿ ಊಹಿಸಲು ಸಾಧ್ಯವಿಲ್ಲ. ಬ್ರಿಟನ್ನಿನ ಪ್ರಸೂತಿ ತಜ್ಞರ ರಾಯಲ್ ಕಾಲೇಜಿನ ಮಾರ್ಗಸೂಚಿಯ ಪ್ರಕಾರ ಭುಜ ಸಿಲುಕುವ ಹೆರಿಗೆಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು 4 ಕೆ.ಜಿ.ಗಿಂತ ಕಡಿಮೆ ತೂಕದ ಮಕ್ಕಳಲ್ಲೇ ಸಂಭವಿಸುತ್ತವೆ. ಸಿಸೇರಿಯನ್ ಶಸ್ತ್ರಕ್ರಿಯೆಯಿಂದ ಜನಿಸಿದ ಮಕ್ಕಳಲ್ಲಿಯೂ ವಿರಳವಾಗಿ ಈ ಗಾಯ ಕಂಡುಬಂದಿದೆ. ಆದ್ದರಿಂದ ಪ್ರತಿಯೊಂದು ಹೆರಿಗೆ ಕೊಠಡಿಯ ಸಿಬ್ಬಂದಿಯೂ ಈ ತುರ್ತು ಸ್ಥಿತಿಯನ್ನು ಎದುರಿಸಲು ಸಿದ್ಧರಿರಬೇಕು.

ಹೆರಿಗೆ ಕೊಠಡಿಯಲ್ಲಿ ಅನುಸರಿಸಬೇಕಾದ ಕ್ರಮ

ಭುಜ ಸಿಲುಕಿದೆ ಎಂದು ತಿಳಿದ ಕೂಡಲೇ ಹೆಚ್ಚಿನ ಸಿಬ್ಬಂದಿಯನ್ನು ಕರೆಯಬೇಕು. ತಾಯಿಗೆ ಮುಕ್ಕದಂತೆ ಸೂಚಿಸಿ, ಆಕೆಯ ಎರಡೂ ತೊಡೆಗಳನ್ನು ಹೊಟ್ಟೆಯ ಕಡೆಗೆ ಚೆನ್ನಾಗಿ ಮಡಿಸಿ ಹಿಡಿಯಬೇಕು. ಇದಕ್ಕೆ ಮೆಕ್‌ರಾಬರ್ಟ್ಸ್ ಕ್ರಮವೆಂದು ಹೆಸರು. ಯಾವುದೇ ಉಪಕರಣದ ಅಗತ್ಯವಿಲ್ಲದ ಈ ಸರಳ ಕ್ರಮದಿಂದಲೇ ಬಹಳಷ್ಟು ಹೆರಿಗೆಗಳು ಸುಗಮವಾಗುತ್ತವೆ. ಜೊತೆಗೆ ಮತ್ತೊಬ್ಬ ಸಿಬ್ಬಂದಿ ಕಿಬ್ಬೊಟ್ಟೆಯ ಮೂಳೆಯ ಮೇಲ್ಭಾಗದಲ್ಲಿ ಒತ್ತಡ ನೀಡುತ್ತಾರೆ. ಇದರಿಂದಲೂ ಆಗದಿದ್ದಲ್ಲಿ ಮಗುವಿನ ಹಿಂಭಾಗದ ತೋಳನ್ನು ಮೊದಲು ಹೊರತೆಗೆಯುವುದು, ಭುಜಗಳನ್ನು ಒಳಗಿನಿಂದ ತಿರುಗಿಸುವುದು ಅಥವಾ ತಾಯಿಯನ್ನು ಮೊಣಕಾಲು ಮತ್ತು ಕೈಗಳ ಮೇಲೆ ನಿಲ್ಲಿಸುವುದು ಮುಂತಾದ ಕ್ರಮಗಳಿವೆ.

ಎರಡು ಕೆಲಸಗಳನ್ನು ಮಾಡಲೇಬಾರದು. ಹೊಟ್ಟೆಯ ಮೇಲ್ಭಾಗದಲ್ಲಿ ಗರ್ಭಕೋಶವನ್ನು ಕೆಳಕ್ಕೆ ಒತ್ತಬಾರದು. ಮಗುವಿನ ತಲೆಯನ್ನು ಹಿಡಿದು ಬಲವಾಗಿ ಕೆಳಕ್ಕೆ ಎಳೆಯಬಾರದು, ತಿರುಚಬಾರದು. ಹೊಟ್ಟೆಯ ಮೇಲ್ಭಾಗವನ್ನು ಒತ್ತುವುದರಿಂದ ಸಿಲುಕಿದ ಭುಜ ಮತ್ತಷ್ಟು ಬಿಗಿಯಾಗುತ್ತದಲ್ಲದೆ ಗರ್ಭಕೋಶ ಹರಿಯುವ ಅಪಾಯವೂ ಇದೆ.

ತರಬೇತಿಯಿಂದ ಈ ಗಾಯವನ್ನು ಗಣನೀಯವಾಗಿ ತಗ್ಗಿಸಬಹುದೆಂಬುದಕ್ಕೆ ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಸೌತ್‌ಮೀಡ್ ಆಸ್ಪತ್ರೆಯ ಅನುಭವ ನಿದರ್ಶನವಾಗಿದೆ. ಅಲ್ಲಿ ಇಡೀ ಹೆರಿಗೆ ಸಿಬ್ಬಂದಿಗೆ ಗೊಂಬೆಯ ಸಹಾಯದಿಂದ ಅಭ್ಯಾಸ ನೀಡಲಾಯಿತು. ಭುಜ ಸಿಲುಕಿದ ಪ್ರಕರಣಗಳಲ್ಲಿ ಶಿಶುಗಳಿಗೆ ಗಾಯವಾಗುವ ಪ್ರಮಾಣವು ಶೇ. 9.3ರಿಂದ ಶೇ. 2.3ಕ್ಕೆ ಇಳಿಯಿತೆಂದು 2008ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸುತ್ತದೆ. ಭಾರತದಲ್ಲಿ ಸರ್ಕಾರಿ ಹೆರಿಗೆ ಕೊಠಡಿಗಳ ಗುಣಮಟ್ಟ ಸುಧಾರಣೆಗಾಗಿ ಕೇಂದ್ರ ಸರ್ಕಾರವು 2017ರಲ್ಲಿ ‘ಲಕ್ಷ್ಯ’ ಕಾರ್ಯಕ್ರಮವನ್ನು ಆರಂಭಿಸಿತು.

ಗರ್ಭಿಣಿಯರು ವಹಿಸಬೇಕಾದ ಮುನ್ನೆಚ್ಚರಿಕೆ

ಗರ್ಭಾವಸ್ಥೆಯಲ್ಲಿ ರಕ್ತದ ಸಕ್ಕರೆ ಅಂಶವನ್ನು ತಪ್ಪದೆ ಪರೀಕ್ಷಿಸಿಕೊಳ್ಳಬೇಕು. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಪ್ರತಿ ತಿಂಗಳ 9ನೇ ತಾರೀಖಿನಂದು ಸರ್ಕಾರಿ ಆರೋಗ್ಯ ಸಂಸ್ಥೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ನಡೆಸಲಾಗುತ್ತದೆ. ಹಿಂದಿನ ಹೆರಿಗೆ ಕಷ್ಟಕರವಾಗಿದ್ದರೆ, ಹಿಂದಿನ ಮಗುವಿನ ತೂಕ ಹೆಚ್ಚಿದ್ದರೆ ಅಥವಾ ಅದರ ಕೈಗೆ ತೊಂದರೆಯಾಗಿದ್ದರೆ ಈ ಸಂಗತಿಯನ್ನು ವೈದ್ಯರಿಗೆ ತಿಳಿಸಿ ತಾಯಿ ಕಾರ್ಡಿನಲ್ಲಿ ಬರೆಯಿಸತಕ್ಕದ್ದು. ಅಂತಹವರು ಸಿಸೇರಿಯನ್ ಸೌಲಭ್ಯ ಮತ್ತು ಮಕ್ಕಳ ವೈದ್ಯರು ಇರುವ ಆಸ್ಪತ್ರೆಯಲ್ಲಿ ಹೆರಿಗೆಗೆ ಮೊದಲೇ ಏರ್ಪಾಡು ಮಾಡಿಕೊಳ್ಳುವುದು ಸೂಕ್ತ.

ಕೆ.ಜಿ.ಎಫ್. ಭಾಗದಲ್ಲಿ ಈ ಮುನ್ನೆಚ್ಚರಿಕೆಗೆ ವಿಶೇಷ ಮಹತ್ವವಿದೆ. ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಲ್ಪಟ್ಟ ನಂತರ ಕಾರ್ಮಿಕ ಕುಟುಂಬಗಳಿಗೆ ಗಣಿ ಆಸ್ಪತ್ರೆಯ ಆಸರೆ ಹಿಂದಿನಂತೆ ಉಳಿಯಲಿಲ್ಲ. ಮಾರಿಕುಪ್ಪಂ, ಚಾಂಪಿಯನ್ ರೀಫ್ಸ್, ಊರ್ಗಾಂ ಮತ್ತು ಬಂಗಾರಪೇಟೆಯಿಂದ ಸಹಸ್ರಾರು ಜನರು ದಿನವೂ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುತ್ತಾರೆ. ಹೆರಿಗೆ ನೋವು ಕಾಣಿಸಿಕೊಂಡಾಗ ಮನೆಯ ದುಡಿಯುವವರು ಊರಿನಲ್ಲಿ ಇಲ್ಲದಿರುವ ಸಂಭವವೇ ಹೆಚ್ಚು. ಆದುದರಿಂದ ಯಾವ ಆಸ್ಪತ್ರೆಗೆ ಹೋಗಬೇಕು, ಜೊತೆಯಲ್ಲಿ ಯಾರು ಇರಬೇಕು ಎಂಬುದನ್ನು ಎಂಟನೇ ತಿಂಗಳಿನಲ್ಲೇ ನಿರ್ಧರಿಸಿಕೊಳ್ಳಬೇಕು. ತುರ್ತು ವಾಹನಕ್ಕಾಗಿ 108 ಸಂಖ್ಯೆಗೆ ಕರೆ ಮಾಡಬಹುದು.

ಮಗು ಜನಿಸಿದ ನಂತರ ಗಮನಿಸಬೇಕಾದ ಅಂಶಗಳು

ಮಗುವನ್ನು ಮೊದಲ ಬಾರಿ ಕೈಗೆತ್ತಿಕೊಂಡಾಗ ಎರಡೂ ಕೈಗಳ ಚಲನೆಯನ್ನು ಹೋಲಿಸಿ ನೋಡಬೇಕು. ಒಂದು ಕೈ ಆಡದಿದ್ದಲ್ಲಿ ಮಕ್ಕಳ ವೈದ್ಯರಿಂದ ಪರೀಕ್ಷೆ ಮಾಡಿಸಿ, ಆ ಸಂಗತಿಯನ್ನು ಕೇಸ್ ಶೀಟಿನಲ್ಲಿಯೂ ಬಿಡುಗಡೆ ಪತ್ರದಲ್ಲಿಯೂ ನಮೂದಿಸುವಂತೆ ಕೋರಬೇಕು. ಕೊರಳೆಲುಬು ಅಥವಾ ತೋಳಿನ ಮೂಳೆ ಮುರಿದಿದ್ದರೂ ಮಗು ನೋವಿನಿಂದ ಕೈ ಆಡಿಸುವುದಿಲ್ಲ. ಆದುದರಿಂದ ಎಕ್ಸ್‌-ರೇ ಅಗತ್ಯವಾಗಬಹುದು. ಕೆಲವು ದಿನಗಳ ನಂತರ ಹೊಸದಾಗಿ ಕೈ ಆಡಿಸುವುದು ನಿಂತು ಜ್ವರ ಅಥವಾ ಊತ ಕಂಡುಬಂದರೆ ಅದು ಮೂಳೆಯ ಸೋಂಕು ಇರಬಹುದು. ಅದಕ್ಕೆ ಕೂಡಲೇ ಚಿಕಿತ್ಸೆ ಆಗಬೇಕು.

ಆಸ್ಪತ್ರೆಯಲ್ಲಿ ಹೆರಿಗೆಯಾದ ಮಗುವನ್ನು ಆಶಾ ಕಾರ್ಯಕರ್ತೆಯರು 3, 7, 14, 21, 28 ಮತ್ತು 42ನೇ ದಿನಗಳಂದು ಮನೆಗೆ ಭೇಟಿ ನೀಡಿ ನೋಡಬೇಕಾಗಿರುತ್ತದೆ. ಕೈಯ ತೊಂದರೆಯನ್ನು ಅವರ ಗಮನಕ್ಕೆ ತಂದಲ್ಲಿ ಮುಂದಿನ ಆಸ್ಪತ್ರೆಗೆ ಕಳುಹಿಸಲು ಅವರು ನೆರವಾಗುತ್ತಾರೆ.

ಮನೆಯಲ್ಲಿ ಪಾಲಿಸಬೇಕಾದ ಕ್ರಮಗಳು:

- ಮಗುವನ್ನು ಕೈ ಅಥವಾ ಕಂಕುಳು ಹಿಡಿದು ಎತ್ತಬಾರದು. ತಲೆ ಮತ್ತು ಬೆನ್ನಿಗೆ ಆಧಾರ ಕೊಟ್ಟು ಎತ್ತಬೇಕು.
- ಅಂಗಿ ತೊಡಿಸುವಾಗ ಪೆಟ್ಟಾದ ಕೈಯನ್ನು ಮೊದಲು ಹಾಕಬೇಕು. ತೆಗೆಯುವಾಗ ಚೆನ್ನಾಗಿರುವ ಕೈಯನ್ನು ಮೊದಲು ಬಿಡಿಸಬೇಕು.
- ಎಣ್ಣೆ ಹಚ್ಚಿ ನೀರೆರೆಯುವಾಗ ಪೆಟ್ಟಾದ ಕೈಯನ್ನು ಎಳೆಯುವುದು, ನೀವುವುದು, ನೆಟಿಕೆ ತೆಗೆಯುವುದು ಕೂಡದು. ಈ ವಿಷಯವನ್ನು ಮಗುವಿಗೆ ನೀರೆರೆಯುವ ಹಿರಿಯರಿಗೆ ಮುಂಚಿತವಾಗಿ ತಿಳಿಸಬೇಕು.
- ಪೆಟ್ಟಾದ ಕೈಗೆ ಸ್ಪರ್ಶಜ್ಞಾನ ಕಡಿಮೆ ಇರಬಹುದಾದ್ದರಿಂದ ಬಿಸಿನೀರು, ಶಾಖ ಮತ್ತು ಕಟ್ಟುಗಳ ಬಗ್ಗೆ ಎಚ್ಚರಿಕೆ ವಹಿಸಬೇಕು.
- ವೈದ್ಯರು ಸೂಚಿಸಿದ ದಿನದಿಂದ ಭುಜ, ಮೊಣಕೈ ಮತ್ತು ಮಣಿಕಟ್ಟಿನ ಮೃದು ವ್ಯಾಯಾಮಗಳನ್ನು ಫಿಸಿಯೋಥೆರಪಿ ತಜ್ಞರಿಂದ ಕಲಿತು ದಿನಕ್ಕೆ ಹಲವು ಬಾರಿ ಮಾಡಿಸಬೇಕು.

ಚೇತರಿಕೆಯ ಹಂತಗಳು

ನರವು ಕೇವಲ ಹಿಗ್ಗಿದ್ದಲ್ಲಿ ಕೆಲವು ವಾರಗಳಲ್ಲಿ ಕೈ ಸುಸ್ಥಿತಿಗೆ ಬರುತ್ತದೆ. ನರದ ಎಳೆಗಳು ಒಳಗೆ ತುಂಡಾಗಿದ್ದರೆ ಅವು ದಿನಕ್ಕೆ ಸುಮಾರು 1 ಮಿಲಿಮೀಟರಿನಂತೆ ಮರಳಿ ಬೆಳೆಯುವುದರಿಂದ ತಿಂಗಳುಗಳೇ ಹಿಡಿಯುತ್ತವೆ. ನರವು ಪೂರ್ತಿ ಹರಿದಿದ್ದರೆ ಅಥವಾ ಬೆನ್ನುಹುರಿಯಿಂದಲೇ ಕಿತ್ತುಬಂದಿದ್ದರೆ ಅದು ತಾನಾಗಿ ಕೂಡಿಕೊಳ್ಳುವುದಿಲ್ಲ.

ಹುಟ್ಟಿದ ದಿನದಂದು ಈ ಮೂರು ಸ್ಥಿತಿಗಳೂ ಹೊರನೋಟಕ್ಕೆ ಒಂದೇ ರೀತಿ ಕಾಣುತ್ತವೆ. ಅವುಗಳ ವ್ಯತ್ಯಾಸವನ್ನು ಕಾಲವೇ ತಿಳಿಸುತ್ತದೆ. ಆದ್ದರಿಂದ ಮಗುವಿನ ಕೈಯ ಶಕ್ತಿಯನ್ನು ಪ್ರತಿ ತಿಂಗಳೂ ಪರೀಕ್ಷಿಸಿ ಬರೆದಿಡಬೇಕು. ಮೊದಲ ತಿಂಗಳ ಅಂತ್ಯಕ್ಕೆ ಕೈ ಪೂರ್ತಿ ಸುಧಾರಿಸದಿದ್ದಲ್ಲಿ ತಜ್ಞರ ಬಳಿಗೆ ಕಳುಹಿಸಬೇಕು. ಮೂರು ತಿಂಗಳಾದರೂ ಮಗು ಮೊಣಕೈ ಮಡಿಸಲಾರದಿದ್ದರೆ ನರಗಳ ಶಸ್ತ್ರಚಿಕಿತ್ಸೆಯ ಬಗ್ಗೆ ವಿಚಾರಿಸಬೇಕಾದ ಕಾಲ ಬಂದಿದೆ ಎಂದು ತಿಳಿಯತಕ್ಕದ್ದು. ಇಂತಹ ಶಸ್ತ್ರಚಿಕಿತ್ಸೆಯನ್ನು ಸಾಮಾನ್ಯವಾಗಿ 3ರಿಂದ 9 ತಿಂಗಳ ವಯಸ್ಸಿನಲ್ಲಿ ಮಾಡಲಾಗುತ್ತದೆ. ಕಾಲಿನ ಹಿಂಭಾಗದಿಂದ ನರವೊಂದನ್ನು ತೆಗೆದು ಹರಿದ ಭಾಗಕ್ಕೆ ಜೋಡಿಸುವುದು, ಅಥವಾ ಪಕ್ಕದ ಒಳ್ಳೆಯ ನರವನ್ನು ತಿರುಗಿಸಿ ಜೋಡಿಸುವುದು ಇದರ ಕ್ರಮ. ನರದ ಸಂಪರ್ಕವಿಲ್ಲದ ಸ್ನಾಯು ದಿನಕಳೆದಂತೆ ಕ್ಷೀಣಿಸುವುದರಿಂದ ತಡವಾಗಿ ಮಾಡಿದ ಜೋಡಣೆಯ ಪ್ರಯೋಜನ ಕಡಿಮೆ. ‘ದೊಡ್ಡದಾದ ಮೇಲೆ ತಾನಾಗಿ ಸರಿಹೋಗುತ್ತದೆ’ ಎಂದು ವರ್ಷಗಟ್ಟಲೆ ಕಾಯುವುದು ಮಗುವಿನ ಕೈಗೆ ಹಾನಿಕರ.

ಈ ಗಾಯದಲ್ಲಿ ಬಹುತೇಕ ಎಲ್ಲರೂ ಪೂರ್ಣ ಗುಣಮುಖರಾಗುತ್ತಾರೆ ಎಂಬ ಭಾವನೆ ಹಿಂದೆ ಇತ್ತು. ನಂತರದ ಅಧ್ಯಯನಗಳ ಪ್ರಕಾರ ಶೇ. 20ರಿಂದ 30ರಷ್ಟು ಮಕ್ಕಳಲ್ಲಿ ಸ್ವಲ್ಪವಾದರೂ ಶಾಶ್ವತ ದೌರ್ಬಲ್ಯ ಉಳಿಯಬಹುದಾಗಿದೆ. ಮೊದಲ ವರ್ಷ ಕಳೆದ ಮಕ್ಕಳಿಗೂ ಭುಜದ ಬಿಗಿತ ನಿವಾರಿಸುವ ಮತ್ತು ಸ್ನಾಯು ವರ್ಗಾಯಿಸುವ ಶಸ್ತ್ರಚಿಕಿತ್ಸೆಗಳಿರುವುದರಿಂದ ಪೋಷಕರು ನಿರಾಶರಾಗಬೇಕಿಲ್ಲ.

ಲಭ್ಯವಿರುವ ಆಸ್ಪತ್ರೆ ಮತ್ತು ಸೇವೆಗಳು

ಪ್ರಾರಂಭಿಕ ಪರೀಕ್ಷೆಗಾಗಿ ರಾಬರ್ಟ್‌ಸನ್‌ಪೇಟೆಯ ಸಾರ್ವಜನಿಕ ಆಸ್ಪತ್ರೆ ಅಥವಾ ಬಂಗಾರಪೇಟೆಯ ಸಾರ್ವಜನಿಕ ಆಸ್ಪತ್ರೆಯನ್ನು ಸಂಪರ್ಕಿಸಬಹುದು. ಹೆಚ್ಚಿನ ತಪಾಸಣೆಗೆ ಕೋಲಾರದ ಶ್ರೀ ನರಸಿಂಹರಾಜ ಜಿಲ್ಲಾ ಆಸ್ಪತ್ರೆ ಇದೆ. ಕೋಲಾರದ ಟಮಕದಲ್ಲಿರುವ ಶ್ರೀ ದೇವರಾಜ ಅರಸು ವೈದ್ಯಕೀಯ ಕಾಲೇಜಿಗೆ ಸೇರಿದ ಆರ್.ಎಲ್. ಜಾಲಪ್ಪ ಆಸ್ಪತ್ರೆಯು ಖಾಸಗಿ ಬೋಧನಾ ಆಸ್ಪತ್ರೆಯಾಗಿದೆ. ಬೆಂಗಳೂರಿನಲ್ಲಿ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಮತ್ತು ನಿಮ್ಹಾನ್ಸ್ ಸರ್ಕಾರಿ ಸಂಸ್ಥೆಗಳಾಗಿವೆ. ನರ ಜೋಡಣೆಯ ಶಸ್ತ್ರಚಿಕಿತ್ಸೆಯನ್ನು ಎಲ್ಲಾ ಆಸ್ಪತ್ರೆಗಳಲ್ಲಿ ಮಾಡುವುದಿಲ್ಲವಾದ್ದರಿಂದ ಎಲ್ಲಿಗೆ ಹೋಗಬೇಕೆಂಬುದನ್ನು ಜಿಲ್ಲಾ ಆಸ್ಪತ್ರೆಯ ಮಕ್ಕಳ ವೈದ್ಯರಿಂದ ಲಿಖಿತವಾಗಿ ಪಡೆದುಕೊಂಡು ಹೊರಡಬೇಕು.

2011ರ ಜೂನ್ 1ರಂದು ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ, ಔಷಧ, ಪರೀಕ್ಷೆ ಮತ್ತು ವಾಹನ ಸೌಲಭ್ಯ ಉಚಿತ. ಕಾಯಿಲೆಯ ಶಿಶುಗಳಿಗೆ ಮೊದಲು 30 ದಿನಗಳವರೆಗೆ ಇದ್ದ ಈ ಸೌಲಭ್ಯವನ್ನು ನಂತರ ಒಂದು ವರ್ಷದವರೆಗೆ ವಿಸ್ತರಿಸಲಾಯಿತು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ 18 ವರ್ಷದವರೆಗಿನ ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಗುರುತಿಸಿ ಚಿಕಿತ್ಸೆಗೆ ಕಳುಹಿಸಲಾಗುತ್ತದೆ. ಕೈಯಲ್ಲಿ ಶಾಶ್ವತ ನ್ಯೂನತೆ ಉಳಿದಲ್ಲಿ 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದಂತೆ ಚಲನವಲನ ವೈಕಲ್ಯದ ಪ್ರಮಾಣಪತ್ರ ಮತ್ತು ವಿಶಿಷ್ಟ ಗುರುತಿನ ಚೀಟಿಗಾಗಿ ಅರ್ಜಿ ಸಲ್ಲಿಸಬಹುದು.

ವೈದ್ಯಕೀಯ ನಿರ್ಲಕ್ಷ್ಯ ಎಂದರೇನು

ಮಗುವಿಗೆ ಗಾಯವಾಗಿದೆ ಎಂಬ ಮಾತ್ರಕ್ಕೆ ವೈದ್ಯರು ನಿರ್ಲಕ್ಷ್ಯ ತೋರಿದ್ದಾರೆಂದು ಕಾನೂನು ಭಾವಿಸುವುದಿಲ್ಲ. ಎಲ್ಲಾ ಕ್ರಮಗಳನ್ನು ಸರಿಯಾಗಿ ಅನುಸರಿಸಿದಾಗಲೂ ಈ ಗಾಯ ಸಂಭವಿಸಬಹುದು. ಹಾಗೆಯೇ ‘ಇದು ಎಲ್ಲಾ ಹೆರಿಗೆಗಳಲ್ಲೂ ಆಗುವಂಥದ್ದು’ ಎಂಬ ಮಾತಿನಿಂದ ಪ್ರಶ್ನೆ ಮುಗಿಯುವುದೂ ಇಲ್ಲ. ಬ್ರಿಟನ್ನಿನಲ್ಲಿ ಪರಿಹಾರ ಕೋರಿದ ಪ್ರಕರಣಗಳನ್ನು ಪರಿಶೀಲಿಸಿದಾಗ ಶೇ. 46ರಷ್ಟು ಗಾಯಗಳಲ್ಲಿ ಆರೈಕೆಯು ತಕ್ಕ ಮಟ್ಟದಲ್ಲಿ ಇರಲಿಲ್ಲವೆಂದು ಕಂಡುಬಂದಿತು.

ಅದೇ ವಿದ್ಯಾರ್ಹತೆಯುಳ್ಳ ಒಬ್ಬ ಸಾಧಾರಣ ಸಮರ್ಥ ವೈದ್ಯರು ಅಂತಹ ಸನ್ನಿವೇಶದಲ್ಲಿ ವಹಿಸುತ್ತಿದ್ದ ಎಚ್ಚರಿಕೆಯನ್ನು ವಹಿಸಲಾಗಿತ್ತೇ ಎಂಬುದೇ ನ್ಯಾಯಾಲಯಗಳು ಬಳಸುವ ಅಳತೆಗೋಲು. ಜೇಕಬ್ ಮ್ಯಾಥ್ಯೂ ವಿರುದ್ಧ ಪಂಜಾಬ್ ರಾಜ್ಯ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2005ರಲ್ಲಿ ಇದನ್ನು ಪುನರುಚ್ಚರಿಸಿತು. ಈ ದೃಷ್ಟಿಯಿಂದ ಸಾಮಾನ್ಯವಾಗಿ ಪರಿಶೀಲನೆಗೆ ಬರುವ ಅಂಶಗಳು ಈ ಕೆಳಕಂಡಂತಿವೆ:

- ತಾಯಿಯ ಸಕ್ಕರೆ ಅಂಶವನ್ನು ಪರೀಕ್ಷಿಸಲಾಗಿತ್ತೇ, ಮಗುವಿನ ತೂಕವನ್ನು ಅಂದಾಜು ಮಾಡಲಾಗಿತ್ತೇ
- ಅಪಾಯ ಹೆಚ್ಚಿದ್ದಲ್ಲಿ ಅದನ್ನೂ ಸಿಸೇರಿಯನ್ ಎಂಬ ಪರ್ಯಾಯವನ್ನೂ ತಾಯಿಗೆ ವಿವರಿಸಲಾಗಿತ್ತೇ
- ಹೆರಿಗೆಯ ಪ್ರಗತಿಯನ್ನು ದಾಖಲಿಸುವ ಪಾರ್ಟೋಗ್ರಾಫ್ ನಕ್ಷೆಯನ್ನು ತುಂಬಲಾಗಿತ್ತೇ
- ತಲೆ ಹೊರಬಂದ ವೇಳೆ ಮತ್ತು ದೇಹ ಹೊರಬಂದ ವೇಳೆಯನ್ನು ಬರೆಯಲಾಗಿದೆಯೇ
- ಯಾವ ಕ್ರಮಗಳನ್ನು ಯಾವ ಅನುಕ್ರಮದಲ್ಲಿ ಯಾರು ಮಾಡಿದರು, ಯಾವ ಭುಜ ಸಿಲುಕಿತ್ತು
- ಗಾಯವನ್ನು ಗುರುತಿಸಿ ಪೋಷಕರಿಗೆ ತಿಳಿಸಿ ಸಕಾಲದಲ್ಲಿ ತಜ್ಞರ ಬಳಿಗೆ ಕಳುಹಿಸಲಾಯಿತೇ

ಕೊನೆಯ ಅಂಶವು ಮುಖ್ಯವಾದುದು. ಗಾಯವು ಯಾರ ತಪ್ಪೂ ಇಲ್ಲದೆ ಆಗಿದ್ದರೂ, ಅದನ್ನು ಮುಚ್ಚಿಟ್ಟು ಅಥವಾ ಕಡೆಗಣಿಸಿ ಚಿಕಿತ್ಸೆಯ ಕಾಲ ಕಳೆದುಹೋಗುವಂತೆ ಮಾಡಿದ್ದಲ್ಲಿ ಅದು ಪ್ರತ್ಯೇಕ ಪ್ರಶ್ನೆಯಾಗುತ್ತದೆ.

ಒಪ್ಪಿಗೆ ಮತ್ತು ಭಾಷೆ

ಚಿಕಿತ್ಸೆಯ ಸ್ವರೂಪ, ಅಪಾಯ ಮತ್ತು ಪರ್ಯಾಯಗಳನ್ನು ತಿಳಿಸಿ ಒಪ್ಪಿಗೆ ಪಡೆಯಬೇಕೆಂದು ಸರ್ವೋಚ್ಚ ನ್ಯಾಯಾಲಯವು 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಹೇಳಿದೆ. ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯವು 2015ರಲ್ಲಿ ತೀರ್ಮಾನಿಸಿದ ಮಾಂಟ್ಗೊಮರಿ ಪ್ರಕರಣವು ಭುಜ ಸಿಲುಕಿದ ಹೆರಿಗೆಗೇ ಸಂಬಂಧಿಸಿದ್ದಾಗಿತ್ತು. ಸಕ್ಕರೆ ಕಾಯಿಲೆಯಿದ್ದ ತಾಯಿಗೆ ಭುಜ ಸಿಲುಕುವ ಸಂಭವ ಶೇ. 9ರಿಂದ 10ರಷ್ಟಿದ್ದರೂ ವೈದ್ಯರು ಅದನ್ನು ತಿಳಿಸಿರಲಿಲ್ಲ. 1999ರಲ್ಲಿ ಜನಿಸಿದ ಆ ಮಗುವಿಗೆ ಮಿದುಳು ಮತ್ತು ಕೈಯ ನರಗಳೆರಡಕ್ಕೂ ಹಾನಿಯಾಯಿತು. ತಾಯಿಗೆ ಮುಖ್ಯವೆನಿಸಬಹುದಾದ ಅಪಾಯವನ್ನು ಆಕೆಗೆ ತಿಳಿಸುವುದು ವೈದ್ಯರ ಕರ್ತವ್ಯವೆಂದು ನ್ಯಾಯಾಲಯ ತೀರ್ಪು ನೀಡಿತು. ಈ ತೀರ್ಪು ಭಾರತದ ನ್ಯಾಯಾಲಯಗಳಿಗೆ ಬದ್ಧವಲ್ಲ.

ಕೆ.ಜಿ.ಎಫ್. ಮತ್ತು ಬಂಗಾರಪೇಟೆಯಲ್ಲಿ ಕನ್ನಡದ ಜೊತೆಗೆ ತಮಿಳು, ತೆಲುಗು ಮತ್ತು ಉರ್ದು ಮಾತನಾಡುವ ಕುಟುಂಬಗಳು ಬಹಳ. ಓದಲು ಬಾರದ ಭಾಷೆಯ ನಮೂನೆಗೆ ಸಹಿ ಹಾಕುವ ಮುನ್ನ ತಮ್ಮ ಭಾಷೆಯಲ್ಲಿ ವಿವರಿಸುವಂತೆ ಕೇಳಲು ತಾಯಿಗೆ ಮತ್ತು ಆಕೆಯ ಮನೆಯವರಿಗೆ ಹಕ್ಕಿದೆ.

ದಾಖಲೆಗಳನ್ನು ಪಡೆಯುವ ಬಗೆ

2002ರ ಭಾರತೀಯ ವೈದ್ಯಕೀಯ ಪರಿಷತ್ತಿನ ವೃತ್ತಿ ನಡವಳಿಕೆ ವಿನಿಯಮಗಳಂತೆ ರೋಗಿ ಅಥವಾ ಅಧಿಕೃತ ಪ್ರತಿನಿಧಿ ಕೇಳಿದ 72 ಗಂಟೆಗಳ ಒಳಗಾಗಿ ವೈದ್ಯಕೀಯ ದಾಖಲೆಗಳ ಪ್ರತಿಯನ್ನು ನೀಡತಕ್ಕದ್ದು. ಒಳರೋಗಿಗಳ ದಾಖಲೆಗಳನ್ನು ಚಿಕಿತ್ಸೆ ಆರಂಭವಾದ ದಿನದಿಂದ 3 ವರ್ಷ ಕಾಪಾಡತಕ್ಕದ್ದು. ಅರ್ಜಿಯನ್ನು ಎರಡು ಪ್ರತಿಗಳಲ್ಲಿ ಬರೆದು ಒಂದರ ಮೇಲೆ ದಿನಾಂಕ ಸಹಿತ ಸ್ವೀಕೃತಿ ಪಡೆಯಬೇಕು. ಸರ್ಕಾರಿ ಆಸ್ಪತ್ರೆಗಳಿಗೆ 2005ರ ಮಾಹಿತಿ ಹಕ್ಕು ಅಧಿನಿಯಮದಡಿಯೂ ಅರ್ಜಿ ಸಲ್ಲಿಸಬಹುದು. ಇದಕ್ಕೆ 30 ದಿನಗಳ ಒಳಗೆ ಉತ್ತರ ನೀಡಬೇಕು.

ತಾಯಿ ಕಾರ್ಡ್, ಸ್ಕ್ಯಾನಿಂಗ್ ವರದಿ, ಕೇಸ್ ಶೀಟ್, ಪಾರ್ಟೋಗ್ರಾಫ್, ಒಪ್ಪಿಗೆ ಪತ್ರ, ಮಗುವಿನ ತೂಕದ ದಾಖಲೆ, ಬಿಡುಗಡೆ ಪತ್ರ, ರಸೀದಿಗಳು ಮತ್ತು ಬೇರೆ ಆಸ್ಪತ್ರೆಗೆ ಕಳುಹಿಸಿದ ಪತ್ರಗಳನ್ನು ಒಂದೆಡೆ ಇಡಬೇಕು. ಮಗುವಿನ ಕೈಯ ಚಲನೆಯನ್ನು ಪ್ರತಿ ತಿಂಗಳು ಮೊಬೈಲ್ ದೂರವಾಣಿಯಲ್ಲಿ ಚಿತ್ರೀಕರಿಸಿ ಇಟ್ಟುಕೊಂಡರೆ ಚಿಕಿತ್ಸೆಗೂ ಸಾಕ್ಷ್ಯಕ್ಕೂ ಉಪಯುಕ್ತ.

ಕಾನೂನಿನ ಪರಿಹಾರಗಳು

1. ಗ್ರಾಹಕರ ಆಯೋಗ: ಹಣ ಪಡೆದು ನೀಡುವ ವೈದ್ಯಕೀಯ ಸೇವೆಯು ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆಂದು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ವಿ.ಪಿ. ಶಾಂತಾ ಪ್ರಕರಣದಲ್ಲಿ ತೀರ್ಮಾನಿಸಿತು. ಎಲ್ಲರಿಗೂ ಸಂಪೂರ್ಣ ಉಚಿತವಾಗಿ ಸೇವೆ ನೀಡುವ ಆಸ್ಪತ್ರೆ ಇದರ ವ್ಯಾಪ್ತಿಗೆ ಬರುವುದಿಲ್ಲ. ಕೆಲವರಿಂದ ಶುಲ್ಕ ಪಡೆದು ಕೆಲವರಿಗೆ ಉಚಿತವಾಗಿ ನೀಡುವ ಆಸ್ಪತ್ರೆಯಾದರೆ ಉಚಿತ ರೋಗಿಗಳೂ ದೂರು ನೀಡಬಹುದು. ಮಗು ಮತ್ತು ತಂದೆತಾಯಿ ಇಬ್ಬರೂ ಗ್ರಾಹಕರೇ ಎಂದು 1998ರ ಸ್ಪ್ರಿಂಗ್ ಮೆಡೋಸ್ ಪ್ರಕರಣದಲ್ಲಿ ಹೇಳಲಾಗಿದೆ. 2020ರ ಜುಲೈ 20ರಂದು ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದಂತೆ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದಾದ್ದರಿಂದ, ಹೆರಿಗೆ ಬೆಂಗಳೂರಿನಲ್ಲಿ ಆಗಿದ್ದರೂ ಕೋಲಾರದ ಜಿಲ್ಲಾ ಆಯೋಗವನ್ನು ಸಂಪರ್ಕಿಸಲು ಅವಕಾಶವಿದೆ. ಪಾವತಿಸಿದ ಮೊತ್ತ 50 ಲಕ್ಷ ರೂಪಾಯಿಗಳವರೆಗಿನ ಪ್ರಕರಣಗಳು ಜಿಲ್ಲಾ ಆಯೋಗದ ವ್ಯಾಪ್ತಿಗೆ ಬರುತ್ತವೆ. ಪಾವತಿ 5 ಲಕ್ಷ ರೂಪಾಯಿ ಮೀರದಿದ್ದಲ್ಲಿ ಶುಲ್ಕವಿಲ್ಲ. ದೂರಿಗೆ ಕಾರಣ ಉಂಟಾದ ದಿನದಿಂದ 2 ವರ್ಷಗಳ ಒಳಗೆ ದೂರು ಸಲ್ಲಿಸಬೇಕು. ತಡವಾದರೆ ಸಕಾರಣ ತೋರಿಸಬೇಕು.

2. ಸಿವಿಲ್ ನ್ಯಾಯಾಲಯ: ಉಚಿತ ಸರ್ಕಾರಿ ಆಸ್ಪತ್ರೆಯಲ್ಲಿ ನಿರ್ಲಕ್ಷ್ಯವಾಗಿದ್ದಲ್ಲಿ ಸಿವಿಲ್ ನ್ಯಾಯಾಲಯದಲ್ಲಿ ಪರಿಹಾರ ಕೋರಬಹುದು. ತನ್ನ ವೈದ್ಯರ ನಿರ್ಲಕ್ಷ್ಯಕ್ಕೆ ಸರ್ಕಾರವು ಹೊಣೆಯಾಗುತ್ತದೆಂದು 1996ರ ಅಚ್ಯುತರಾವ್ ಖೋಡ್ವಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ.

3. ಕರ್ನಾಟಕ ವೈದ್ಯಕೀಯ ಪರಿಷತ್ತು: ವೈದ್ಯರ ವೃತ್ತಿ ನಡವಳಿಕೆಯ ಬಗ್ಗೆ ಇಲ್ಲಿ ದೂರು ನೀಡಬಹುದು. ಪರಿಷತ್ತು ಎಚ್ಚರಿಕೆ ನೀಡಬಹುದು ಅಥವಾ ನೋಂದಣಿಯನ್ನು ಅಮಾನತಿನಲ್ಲಿಡಬಹುದು. ಹಣದ ಪರಿಹಾರ ಕೊಡಿಸುವ ಅಧಿಕಾರ ಇದಕ್ಕಿಲ್ಲ.

4. ಜಿಲ್ಲಾ ಪ್ರಾಧಿಕಾರ: ಖಾಸಗಿ ಆಸ್ಪತ್ರೆಗಳ ವಿರುದ್ಧದ ದೂರುಗಳನ್ನು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮದಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ನೋಂದಣಿ ಮತ್ತು ಕುಂದುಕೊರತೆ ನಿವಾರಣಾ ಪ್ರಾಧಿಕಾರಕ್ಕೆ ಸಲ್ಲಿಸಬಹುದು. ಸರ್ಕಾರಿ ಆಸ್ಪತ್ರೆಗೆ ಸಂಬಂಧಿಸಿದ ದೂರನ್ನು ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳಿಗೆ ನೀಡಬಹುದು.

5. ಪೊಲೀಸ್ ದೂರು: ಕ್ರಿಮಿನಲ್ ಮೊಕದ್ದಮೆಗೆ ನಿರ್ಲಕ್ಷ್ಯವು ಅತಿ ಗಂಭೀರವಾಗಿರಬೇಕು. ತನಿಖಾಧಿಕಾರಿಯು ಮೊದಲು ಸ್ವತಂತ್ರ ವೈದ್ಯರ ಅಭಿಪ್ರಾಯ ಪಡೆಯಬೇಕೆಂದೂ ವೈದ್ಯರನ್ನು ಮಾಮೂಲಿನಂತೆ ಬಂಧಿಸಬಾರದೆಂದೂ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಸೂಚಿಸಲಾಗಿದೆ.

ತಜ್ಞರ ಅಭಿಪ್ರಾಯವು ಎಲ್ಲಾ ಗ್ರಾಹಕ ಪ್ರಕರಣಗಳಲ್ಲೂ ಕಡ್ಡಾಯವಲ್ಲವೆಂದು 2010ರ ವಿ. ಕಿಶನ್ ರಾವ್ ಪ್ರಕರಣದಲ್ಲಿ ತಿಳಿಸಲಾಗಿದೆ. ಆದರೂ ನರಗಳ ಗಾಯದ ಪ್ರಕರಣಗಳು ತಾಂತ್ರಿಕವಾಗಿರುವುದರಿಂದ ಅಂತಹ ಅಭಿಪ್ರಾಯ ಪಡೆಯುವುದು ಒಳ್ಳೆಯದು.

ಉಚಿತ ಕಾನೂನು ನೆರವು

1987ರ ಕಾನೂನು ಸೇವೆಗಳ ಪ್ರಾಧಿಕಾರ ಅಧಿನಿಯಮದಂತೆ ಮಹಿಳೆಯರು ಮತ್ತು ಮಕ್ಕಳು ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರು. ಇದಕ್ಕಾಗಿ ಕೋಲಾರದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಅಥವಾ ತಾಲ್ಲೂಕು ಕಾನೂನು ಸೇವೆಗಳ ಸಮಿತಿಯನ್ನು ಸಂಪರ್ಕಿಸಬಹುದು. ಕಾನೂನು ನೆರವಿನ ಸಹಾಯವಾಣಿ 15100. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ನೆನಪಿನಲ್ಲಿಡಬೇಕಾದ ಕಾಲಮಿತಿಗಳು

- ಮೊದಲ ದಿನ: ಎರಡೂ ಕೈಗಳ ಚಲನೆ ನೋಡುವುದು, ತೊಂದರೆಯಿದ್ದಲ್ಲಿ ದಾಖಲೆಯಲ್ಲಿ ಬರೆಯಿಸುವುದು
- ಕೋರಿಕೆಯಿಂದ 72 ಗಂಟೆ: ವೈದ್ಯಕೀಯ ದಾಖಲೆಗಳ ಪ್ರತಿ
- 1 ತಿಂಗಳು: ಸುಧಾರಿಸದ ಕೈಗೆ ತಜ್ಞರ ಪರೀಕ್ಷೆ
- 3 ತಿಂಗಳು: ಮೊಣಕೈ ಮಡಿಸದಿದ್ದಲ್ಲಿ ನರ ಶಸ್ತ್ರಚಿಕಿತ್ಸಕರ ಸಲಹೆ
- 3ರಿಂದ 9 ತಿಂಗಳು: ನರ ಜೋಡಣೆಯ ಶಸ್ತ್ರಚಿಕಿತ್ಸೆಗೆ ಸೂಕ್ತ ಅವಧಿ
- 2 ವರ್ಷ: ಗ್ರಾಹಕರ ಆಯೋಗಕ್ಕೆ ದೂರು
- 3 ವರ್ಷ: ಆಸ್ಪತ್ರೆಯು ದಾಖಲೆಗಳನ್ನು ಇಟ್ಟುಕೊಳ್ಳಬೇಕಾದ ಕನಿಷ್ಠ ಅವಧಿ

ದೂರಿನ ವಿಚಾರಣೆಗೆ ವರ್ಷಗಳು ಹಿಡಿಯಬಹುದು, ಮಗುವಿನ ನರಗಳು ಅಷ್ಟು ಕಾಲ ಕಾಯಲಾರವು. ಆದುದರಿಂದ ತಪ್ಪು ಯಾರದೆಂಬ ತೀರ್ಮಾನಕ್ಕಾಗಿ ಚಿಕಿತ್ಸೆಯನ್ನು ಮುಂದೂಡದೆ, ದಾಖಲೆಗಳನ್ನು ಭದ್ರವಾಗಿಟ್ಟುಕೊಂಡು ಮೊದಲು ಮಗುವನ್ನು ತಜ್ಞರ ಬಳಿಗೆ ಕರೆದೊಯ್ಯುವಂತೆ ಪೋಷಕರಲ್ಲಿ ಕೋರಲಾಗಿದೆ.